ಯಾರು ಹೆಚ್ಚು ಬಲಶಾಲಿ? ಕ್ಯೋಟೋದ ನಾಲ್ವರು ಕೊಲೆಗಾರರು ಮತ್ತು ಒಂದು ನೋಟ್ಸ್ ಪುಸ್ತಕ

ಮೊನ್ನೆ ಒಂಬತ್ತನೇ ತರಗತಿಯ ನೋಟ್ಸ್ ಪುಸ್ತಕಗಳನ್ನು ತಿದ್ದಲು ಕೂತಿದ್ದೆ. ಒಂದು ಪುಸ್ತಕದ ಕೊನೆಯ ಪುಟದಲ್ಲಿ ಸ್ಕೇಲು ಇಟ್ಟು ಗೆರೆ ಎಳೆದು ಚೊಕ್ಕವಾಗಿ ಬರೆದ ಪಟ್ಟಿಯೊಂದು ಕಂಡಿತು. ಕ್ರಮಸಂಖ್ಯೆ, ಹೆಸರು, ವೇಗ, ಶಕ್ತಿ, ಕತ್ತಿವರಸೆ, ಒಟ್ಟು ಅಂಕ. ನಾನು ಹೇಳಿಕೊಟ್ಟ ಯಾವ ಪಟ್ಟಿಯನ್ನೂ ಈ ಹುಡುಗ ಇಷ್ಟು ಅಂದವಾಗಿ ಬರೆದದ್ದಿಲ್ಲ!

"ಇದೇನಪ್ಪಾ?" ಎಂದು ಕೇಳಿದೆ.

"ರೂರೋನಿ ಕೆನ್ಶಿನ್ ಸರ್. ಜಪಾನಿನ ಮಾಂಗಾ. ಅದರಲ್ಲಿ ಬರುವ ಕೊಲೆಗಾರರಲ್ಲಿ ಯಾರು ಜಾಸ್ತಿ ಸ್ಟ್ರಾಂಗ್ ಅಂತ..." ಎಂದು ತಲೆ ತಗ್ಗಿಸಿದ. ಹಿಂದಿನ ಬೆಂಚಿನಿಂದ ಇನ್ನೊಬ್ಬ, "ಅವನ ಲಿಸ್ಟ್ ಸರಿ ಇಲ್ಲ ಸರ್, ಮೂರನೇ ನಂಬರು ತಪ್ಪು" ಎಂದ. ಮುಗಿಯಿತು, ಆ ಪೀರಿಯಡ್ ಅಲ್ಲಿಗೇ ಹೋಯಿತು.

ಬೈಯಲು ನನಗೆ ಮನಸ್ಸಾಗಲಿಲ್ಲ. ಕರ್ಣ ದೊಡ್ಡವನೋ ಅರ್ಜುನ ದೊಡ್ಡವನೋ ಎಂದು ತಾಳಮದ್ದಳೆಯಲ್ಲಿ ರಾತ್ರಿಯಿಡೀ ವಾದ ಕೇಳಿ ಬೆಳೆದವರು ನಾವು. ಮಕ್ಕಳು ಅದನ್ನೇ ಮಾಡಿದರೆ ತಪ್ಪೇನು? ಆದರೆ ಆ ಪಟ್ಟಿ ನನ್ನನ್ನು ಬಿಡಲಿಲ್ಲ. ಯಾಕೆಂದರೆ ಈ ಕಥೆಯ ಹಿಂದೆ ನಿಜವಾದ ಮನುಷ್ಯರಿದ್ದಾರೆ. ನಿಜವಾಗಿ ಕೊಂದವರು, ನಿಜವಾಗಿ ಸತ್ತವರು. ಮರುದಿನ ತರಗತಿಯಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಥೆಯ ವಿಷಯ. ನೊಬುಹಿರೋ ವಾತ್ಸುಕಿ ಎಂಬವರು ಬರೆದು ಚಿತ್ರಿಸಿದ ಈ ಮಾಂಗಾ 1994ರಿಂದ 1999ರವರೆಗೆ ಜಪಾನಿನ ಶೋನೆನ್ ಜಂಪ್ ವಾರಪತ್ರಿಕೆಯಲ್ಲಿ ಬಂತು. ಪುಸ್ತಕವಾಗಿ 28 ಸಂಪುಟ. ಕಥೆ ನಡೆಯುವುದು 1878ರಲ್ಲಿ. ನಾಯಕ ಹಿಮುರಾ ಕೆನ್ಶಿನ್ ಹದಿನಾಲ್ಕರ ಪ್ರಾಯದಲ್ಲೇ ಕ್ರಾಂತಿಕಾರಿಗಳ ಪರವಾಗಿ ಕ್ಯೋಟೋ ನಗರದಲ್ಲಿ ಕೊಲೆಗಳನ್ನು ಮಾಡಿದವನು. ಅಂಥವರನ್ನು ಜಪಾನೀ ಭಾಷೆಯಲ್ಲಿ 'ಹಿತೋಕಿರಿ' ಎನ್ನುತ್ತಾರೆ. ಹಿತೋ ಎಂದರೆ ಮನುಷ್ಯ, ಕಿರಿ ಎಂದರೆ ಕಡಿಯುವುದು. ಯುದ್ಧ ಮುಗಿದ ಮೇಲೆ ಆತ, ಇನ್ನು ಯಾರನ್ನೂ ಕೊಲ್ಲುವುದಿಲ್ಲ ಎಂದು ಶಪಥ ಮಾಡಿ, ಹರಿತವಾದ ಅಂಚು ತನ್ನ ಕಡೆಗೇ ಇರುವ ತಿರುವುಮುರುವಿನ ಕತ್ತಿ ಹಿಡಿದು ಹತ್ತು ವರ್ಷ ಅಲೆಯುತ್ತಾನೆ. ಅವನಿಗೆ ಎದುರಾಗುವವರು ಜಿನ್-ಎ, ಆವೋಶಿ, ಸಾಯ್ತೋ, ಸೋಜಿರೋ, ಶಿಶಿಯೋ ಮುಂತಾದವರು. ಪಟ್ಟಿ ತಯಾರಾಗುವುದು ಇವರ ಮೇಲೆಯೇ.

ಈ ಪಟ್ಟಿಯ ಜಗಳವನ್ನು ಹತ್ತಿರದಿಂದ ನೋಡಿದರೆ ಒಂದು ತಮಾಷೆ ಇದೆ. ಶಿಶಿಯೋ ಎಂಬವನು ಕೆನ್ಶಿನ್‌ನ ನಂತರ ಅದೇ ಕೆಲಸಕ್ಕೆ ಬಂದ ಕೊಲೆಗಾರ. ಅವನನ್ನು ಬಳಸಿದವರೇ ಕೊನೆಗೆ ಸುಟ್ಟುಹಾಕಲು ನೋಡಿದ್ದರಿಂದ ಮೈಯೆಲ್ಲ ಬ್ಯಾಂಡೇಜು. ಕಡೆಯ ಹೋರಾಟದಲ್ಲಿ ಅವನನ್ನು ಯಾರ ಕತ್ತಿಯೂ ಮುಗಿಸುವುದಿಲ್ಲ. ಬೆವರು ಸುರಿಸಲಾಗದ ಅವನ ದೇಹವೇ ಕಾದು ಉರಿದುಹೋಗುತ್ತದೆ. ಹಾಗಾದರೆ ಗೆದ್ದವರು ಯಾರು? ಕೆನ್ಶಿನ್ ಮತ್ತು ಸಾಯ್ತೋ ನಡುವಿನ ಹೋರಾಟವಂತೂ ತೀರ್ಮಾನವಾಗುವುದೇ ಇಲ್ಲ. ಆದರೆ ಒಂದನೇ ಸ್ಥಾನದ ಬಗ್ಗೆ ಮಾತ್ರ ಹುಡುಗರಲ್ಲಿ ಜಗಳವಿಲ್ಲ. ಅದು ಹಿಕೋ ಸೇಜೂರೋ. ಕೆನ್ಶಿನ್‌ಗೆ ವಿದ್ಯೆ ಕಲಿಸಿದ ಗುರು. ಆತ ಬೆಟ್ಟದಲ್ಲಿ ಮಡಿಕೆ ಮಾಡಿಕೊಂಡು ಇರುವವನು, ಯಾವ ಪಕ್ಷಕ್ಕೂ ಕತ್ತಿ ಎತ್ತದವನು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಈಗ ಇತಿಹಾಸಕ್ಕೆ ಬರೋಣ.

ತೊಕುಗಾವಾ ವಂಶದ ಶೋಗನ್‌ಗಳು 1603ರಿಂದ ಜಪಾನನ್ನು ಆಳುತ್ತಿದ್ದರು. ಚಕ್ರವರ್ತಿ ಕ್ಯೋಟೋದಲ್ಲಿ ಹೆಸರಿಗೆ ಮಾತ್ರ, ಅಧಿಕಾರವೆಲ್ಲ ಎದೋದಲ್ಲಿ (ಇಂದಿನ ಟೋಕಿಯೋ). 1853ರಲ್ಲಿ ಅಮೆರಿಕದ ಪೆರಿ ಹಬೆ ಹಡಗುಗಳೊಂದಿಗೆ ಬಂದು ಬಾಗಿಲು ತೆರೆಯಿರಿ ಎಂದು ಹೆದರಿಸಿದ. 1858ರಲ್ಲಿ ಶೋಗನ್ ಸರಕಾರದ ಮುಖ್ಯ ಅಧಿಕಾರಿ ಈಯಿ ನವೋಸುಕೆ, ಚಕ್ರವರ್ತಿಯ ಒಪ್ಪಿಗೆ ಇಲ್ಲದೆಯೇ ಅಮೆರಿಕದ ಜೊತೆ ವ್ಯಾಪಾರ ಒಪ್ಪಂದ ಮಾಡಿಕೊಂಡ. ವಿರೋಧಿಸಿದವರನ್ನು ಜೈಲಿಗೆ ಹಾಕಿಸಿದ, ಕೆಲವರ ತಲೆ ತೆಗೆಸಿದ. "ಚಕ್ರವರ್ತಿಯನ್ನು ಗೌರವಿಸಿ, ಪರದೇಶಿಯರನ್ನು ಓಡಿಸಿ" ಎಂಬ ಕೂಗು ದೇಶದ ತುಂಬ ಎದ್ದಿತು.

1860ರ ಮಾರ್ಚ್ 24ರ ಬೆಳಗ್ಗೆ ಹಿಮ ಬೀಳುತ್ತಿತ್ತು. ಈಯಿ ನವೋಸುಕೆ ಪಲ್ಲಕ್ಕಿಯಲ್ಲಿ ಎದೋ ಕೋಟೆಯ ಸಾಕುರಾದಾ ಬಾಗಿಲಿನ ಕಡೆ ಬರುತ್ತಿದ್ದ. ಜೊತೆಗೆ ಸುಮಾರು ಅರುವತ್ತು ಜನ. ಎದುರು ಬಂದವರು ಹದಿನೆಂಟು. ಮಕ್ಕಳ ಪಟ್ಟಿಯ ಲೆಕ್ಕದಲ್ಲಿ ಈಯಿ ಗೆಲ್ಲಬೇಕಿತ್ತು. ಆತ ಸ್ವತಃ ಕತ್ತಿಯನ್ನು ಒರೆಯಿಂದ ಹಿರಿಯುತ್ತಲೇ ಹೊಡೆಯುವ 'ಇಯಾಯ್' ವಿದ್ಯೆಯಲ್ಲಿ ಪಳಗಿದವನು. ಆಗಿದ್ದೇನು? ಹಿಮಕ್ಕೆ ಕತ್ತಿ ನೆನೆಯಬಾರದೆಂದು ಕಾವಲಿನವರು ಅದಕ್ಕೆ ಗವಸು ತೊಡಿಸಿದ್ದರು. ಬಿಚ್ಚುವಷ್ಟರಲ್ಲಿ ಅರ್ಧ ಕೆಲಸ ಮುಗಿದಿತ್ತು. ಪಲ್ಲಕ್ಕಿಗೆ ಪಿಸ್ತೂಲಿನ ಗುಂಡು ಬಿದ್ದಿತ್ತು. ಇಯಾಯ್ ಪಂಡಿತನಿಗೆ ಕತ್ತಿ ಹಿರಿಯಲು ಆಗಲೇ ಇಲ್ಲ.

ನಾನು ತರಗತಿಯಲ್ಲಿ ಇಲ್ಲಿಗೆ ನಿಲ್ಲಿಸಿ ಕೇಳಿದೆ: "ಈಗ ಹೇಳಿ, ವೇಗಕ್ಕೆ ಎಷ್ಟು ಅಂಕ? ಶಕ್ತಿಗೆ ಎಷ್ಟು?" ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನವನು, "ಗವಸಿಗೆ ಅಂಕ ಕೊಡಬೇಕು ಸರ್" ಎಂದ. ಇತಿಹಾಸ ಅವನಿಗೆ ಅರ್ಥವಾಗಿತ್ತು.

1862ರ ಹೊತ್ತಿಗೆ ಕೊಲೆಗಳ ಕೇಂದ್ರ ಕ್ಯೋಟೋ ಆಯಿತು. ಕೊಂದವರು ಅದನ್ನು ಕೊಲೆ ಎನ್ನುತ್ತಿರಲಿಲ್ಲ, 'ತೆನ್ಚೂ' ಎನ್ನುತ್ತಿದ್ದರು. ಅಂದರೆ ದೈವ ಕೊಟ್ಟ ಶಿಕ್ಷೆ. ಕಡಿದ ತಲೆಯನ್ನು ಕಾಮೋ ನದಿಯ ದಂಡೆಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟು, ಪಕ್ಕದಲ್ಲಿ ಇವನ ಪಾಪ ಇಂಥದ್ದು ಎಂದು ಬರೆದ ಫಲಕ ನೆಡುತ್ತಿದ್ದರು. ಈ ಕಾಲದ ನಾಲ್ವರನ್ನು ನಂತರದ ದಿನಗಳಲ್ಲಿ 'ನಾಲ್ಕು ಮಹಾ ಹಿತೋಕಿರಿಗಳು' ಎಂದು ಸೇರಿಸಿ ಹೇಳುವುದು ರೂಢಿಯಾಯಿತು. ಆ ಬಿರುದು ಅವರ ಕಾಲದ್ದಲ್ಲ, ಕಥೆ ಕಾದಂಬರಿಗಳ ಮೂಲಕ ಮೆರೆದದ್ದು. ಅಂದರೆ ಪಟ್ಟಿ ಮಾಡುವ ಚಟ ನಮ್ಮ ಹುಡುಗರದ್ದು ಮಾತ್ರ ಅಲ್ಲ!

ಒಬ್ಬೊಬ್ಬರನ್ನೇ ನೋಡೋಣ.

ಮೊದಲನೆಯವನು ತನಾಕಾ ಶಿನ್ಬೆಯ್, ದಕ್ಷಿಣದ ಸತ್ಸುಮಾ ಸಂಸ್ಥಾನದವನು. 1862ರಲ್ಲಿ ಶಿಮಾದಾ ಸಾಕೋನ್ ಎಂಬ, ಶೋಗನ್ ಪರವಾಗಿ ಕೆಲಸ ಮಾಡುತ್ತಿದ್ದ ಅರಮನೆ ವಲಯದ ನೌಕರನನ್ನು ಕೊಂದವರಲ್ಲಿ ಇವನೇ ಮುಖ್ಯ. ಮರುವರ್ಷ, 1863ರಲ್ಲಿ, ಆನೆಗಕೋಜಿ ಕಿಂತೊಮೋ ಎಂಬ ಅರಮನೆಯ ಶ್ರೀಮಂತನನ್ನು ರಾತ್ರಿ ಯಾರೋ ಕಡಿದರು. ಸ್ಥಳದಲ್ಲಿ ಬಿದ್ದಿದ್ದ ಕತ್ತಿ ತನಾಕಾನದ್ದು. ಹಿಡಿದು ತಂದು ವಿಚಾರಿಸುವಾಗ ಆತ ಒಂದು ಮಾತನ್ನೂ ಬಿಡದೆ ಹೊಟ್ಟೆ ಬಗೆದುಕೊಂಡು ಸತ್ತ. ಅವನೇ ಕೊಂದನೋ, ಅವನ ಕತ್ತಿ ಕದ್ದು ಬೇರೆಯವರು ಕೊಂದರೋ ಇಂದಿಗೂ ಇತ್ಯರ್ಥವಾಗಿಲ್ಲ.

ಎರಡನೆಯವನು ಓಕಾದಾ ಇಜೋ, ತೋಸಾ ಸಂಸ್ಥಾನದವನು, 1838ರಲ್ಲಿ ಹುಟ್ಟಿದವನು. ಸಮುರಾಯ್‌ಗಳಲ್ಲೂ ಮೇಲು ಕೀಳು ಇತ್ತು, ಇವನು ಕೆಳಗಿನ ಮೆಟ್ಟಿಲಿನವನು. ಅಕ್ಷರಕ್ಕಿಂತ ಕತ್ತಿ ಚೆನ್ನಾಗಿ ಒಲಿದಿತ್ತು. ತಾಕೆಚಿ ಹಾನ್ಪೆಯ್ತಾ ಎಂಬ ನಾಯಕನ ಹಿಂಬಾಲಕನಾಗಿ, ಅವನ ಗುಂಪು ಗುರುತಿಸಿದವರನ್ನು ಕಡಿಯುವ ಕೆಲಸಕ್ಕೆ ನಿಂತ. ಆದರೆ ಒಂಟಿಯಾಗಿ ಅಲ್ಲ. ಒಬ್ಬನ ಮೇಲೆ ಹಲವರು ಬೀಳುತ್ತಿದ್ದರು. ಬುಂಕಿಚಿ ಎಂಬ ಪೊಲೀಸ್ ಮಾಹಿತಿದಾರನನ್ನಂತೂ ಕತ್ತಿಯಿಂದ ಕಡಿಯುವುದಕ್ಕೂ ಯೋಗ್ಯನಲ್ಲ ಎಂದು ಕತ್ತು ಬಿಗಿದು ಕೊಂದರು. ಮಾಂಗಾದಲ್ಲಿ ಚಂದ್ರನ ಬೆಳಕಿನಲ್ಲಿ ಇಬ್ಬರು ಎದುರುಬದುರು ನಿಲ್ಲುತ್ತಾರಲ್ಲ, ಅಂಥದ್ದೇನೂ ಇಲ್ಲಿಲ್ಲ.

ಇಜೋನ ಬದುಕಿನಲ್ಲಿ ಒಂದು ಬೇರೆ ಬಗೆಯ ರಾತ್ರಿಯೂ ಇತ್ತು. 1863ರಲ್ಲಿ ಸಾಕಾಮೋತೋ ರ್ಯೋಮಾ ಇವನನ್ನು ಕಾತ್ಸು ಕಾಯ್ಶೂ ಎಂಬವರ ಕಾವಲಿಗೆ ಕಳಿಸಿದ. ಕಾತ್ಸು ಶೋಗನ್‌ನ ನೌಕಾಧಿಕಾರಿ, 1860ರಲ್ಲಿ ಕಾನ್ರಿನ್ ಮಾರು ಹಡಗಿನಲ್ಲಿ ಪೆಸಿಫಿಕ್ ದಾಟಿ ಅಮೆರಿಕ ನೋಡಿ ಬಂದವರು. ದಾರಿಯಲ್ಲಿ ಮೂವರು ಮೇಲೆ ಬಿದ್ದರು. ಇಜೋ ಒಬ್ಬನನ್ನು ಕಡಿದ, ಉಳಿದವರು ಓಡಿದರು. ಕೊಲ್ಲುವುದರಲ್ಲಿ ಹೀಗೆ ಖುಷಿಪಡಬಾರದಪ್ಪಾ, ನಡತೆ ತಿದ್ದಿಕೋ ಎಂದು ಕಾತ್ಸು ಬುದ್ಧಿ ಹೇಳಿದರಂತೆ. ನಾನು ಕಡಿಯದಿದ್ದರೆ ನಿಮ್ಮ ತಲೆಯೇ ಹಾರುತ್ತಿತ್ತಲ್ಲ ಎಂದನಂತೆ ಇಜೋ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ ಎಂದು ಕಾತ್ಸು ಮುದಿವಯಸ್ಸಿನಲ್ಲಿ ನೆನಪಿಸಿಕೊಂಡಿದ್ದಾರೆ. ಎಷ್ಟು ಪ್ರಾಮಾಣಿಕ ಮೇಷ್ಟ್ರು ನೋಡಿ!

ಗಾಳಿ ತಿರುಗಿತು. ತೋಸಾದಲ್ಲಿ ತಾಕೆಚಿಯನ್ನು ಹಿಡಿದು ಹಾಕಿದರು. ಇಜೋ ಕ್ಯೋಟೋದ ಬೀದಿಯಲ್ಲಿ ಅಲೆಮಾರಿಯಾಗಿ 1864ರಲ್ಲಿ ಸಿಕ್ಕಿಬಿದ್ದ. ದಾಖಲೆಯಲ್ಲಿ ಅವನ ಹೆಸರು 'ಮನೆಮಠವಿಲ್ಲದ ತೆತ್ಸುಜೋ'. ಅಪರಾಧಿಯ ಹಚ್ಚೆ ಒತ್ತಿ ಊರಿಗೆ ಒಪ್ಪಿಸಿದರು. ಚಿತ್ರಹಿಂಸೆ ತಾಳಲಾರದೆ ಎಲ್ಲವನ್ನೂ ಬಾಯಿಬಿಟ್ಟ. ಯಾವ ನಾಯಕನಿಗಾಗಿ ಕತ್ತಿ ಎತ್ತಿದ್ದನೋ ಆ ತಾಕೆಚಿ ಜೈಲಿನಿಂದ ಬರೆದ ಪತ್ರಗಳಲ್ಲಿ ಇವನನ್ನು ಮೂರ್ಖನೆಂದು ಹಳಿದಿದ್ದಾನೆ. 1865ರಲ್ಲಿ ಒಂದೇ ದಿನ ಇಬ್ಬರಿಗೂ ಶಿಕ್ಷೆಯಾಯಿತು. ನಾಯಕನಿಗೆ ಸಮುರಾಯ್‌ಗೆ ತಕ್ಕ ಮರ್ಯಾದೆಯ ಸಾವು, ಸೆಪ್ಪುಕು. ಇಜೋನ ತಲೆಯನ್ನು ಕಡಿದು ಹಲಗೆಯ ಮೇಲಿಟ್ಟರು. ಸಾವಿನಲ್ಲೂ ಮೇಲು ಕೀಳು ತಪ್ಪಲಿಲ್ಲ.

ಮೂರನೆಯವನು ಕಾವಕಾಮಿ ಗೆನ್ಸಾಯ್, ಕುಮಾಮೋತೋದವನು, 1834ರಲ್ಲಿ ಹುಟ್ಟಿದವನು. ಕೆನ್ಶಿನ್ ಪಾತ್ರಕ್ಕೆ ಮಾದರಿಯಾದವನು ಇವನೇ. ಕುಳ್ಳ, ಬಿಳುಪು ಮೈಬಣ್ಣ, ದೂರದಿಂದ ನೋಡಿದರೆ ಹೆಂಗಸಿನಂತೆ ಕಾಣುತ್ತಿದ್ದ ಎಂದು ಹೇಳುತ್ತಾರೆ. ಇವನದೆಂದು ನಿಶ್ಚಯವಾಗಿ ಹೇಳಬಹುದಾದ ಕೊಲೆ ಒಂದೇ. 1864ರ ಆಗಸ್ಟ್ 12ರಂದು ಹಾಡಹಗಲೇ ಕ್ಯೋಟೋದಲ್ಲಿ ಕುದುರೆಯ ಮೇಲೆ ಹೋಗುತ್ತಿದ್ದ ಸಾಕುಮಾ ಶೋಜಾನ್ ಅವರನ್ನು ಇವನೂ ಇವನ ಸಂಗಡಿಗರೂ ಕಡಿದರು. ಆಮೇಲೆ ಇವನು ಕೊಲೆ ಬಿಟ್ಟ ಎಂಬ ಮಾತಿದೆ. ಆದರೆ ಪರದೇಶಿಯರನ್ನು ಓಡಿಸಬೇಕು ಎಂಬ ಹಟ ಬಿಡಲಿಲ್ಲ. 1868ರಲ್ಲಿ ಶೋಗನ್ ಬಿದ್ದು ಹೊಸ ಮೇಜಿ ಸರಕಾರ ಬಂತು, ಅದು ತಾನೇ ಪರದೇಶಿಯರಿಗೆ ಕುರ್ಚಿ ಹಾಕಿ ಕೂರಿಸಿತು. ಹಳೆಯ ಮಾತನ್ನೇ ಹಿಡಿದು ಕೂತ ಗೆನ್ಸಾಯ್ ಆ ಸರಕಾರಕ್ಕೇ ಬೇಡವಾದ. 1872ರ ಜನವರಿಯಲ್ಲಿ ಅವನ ತಲೆ ತೆಗೆದರು. ಮಾಂಗಾದ ಶಿಶಿಯೋನನ್ನು ಬಳಸಿದವರೇ ಸುಡುತ್ತಾರಲ್ಲ, ಅದು ಬರೀ ಕಲ್ಪನೆ ಎಂದು ಹೇಳುವ ಹಾಗಿಲ್ಲ.

ನಾಲ್ಕನೆಯವನು ಸತ್ಸುಮಾದ ನಕಾಮುರಾ ಹಾಂಜಿರೋ. ಅವನ ಹೆಸರಿನಲ್ಲೂ ಖಚಿತವಾಗಿರುವುದು ಒಂದೇ ಕೊಲೆ, 1867ರಲ್ಲಿ ಅಕಾಮಾತ್ಸು ಕೊಸಾಬುರೋ ಎಂಬವರದ್ದು. ಅದು ಅವನ ಸ್ವಂತ ದಿನಚರಿಯಲ್ಲೇ ಇದೆ. ಇವನು ಮಾತ್ರ ಮೇಲೆ ಏರಿದ. ಕಿರಿನೋ ತೊಶಿಯಾಕಿ ಎಂಬ ಹೊಸ ಹೆಸರಿನಲ್ಲಿ ಹೊಸ ಸೇನೆಯ ಮೇಜರ್ ಜನರಲ್ ಆದ. ಆಮೇಲೆ ಅದೇ ಸರಕಾರದ ವಿರುದ್ಧ ಸಾಯ್ಗೋ ತಕಾಮೋರಿಯ ಜೊತೆ ದಂಗೆ ಎದ್ದು, 1877ರ ಸೆಪ್ಟೆಂಬರ್ 24ರಂದು ಶಿರೋಯಾಮಾ ಗುಡ್ಡದಲ್ಲಿ ಸತ್ತ.

ಹೀಗೆ ನಾಲ್ವರಲ್ಲಿ ಒಬ್ಬನೂ ಮುದುಕನಾಗಲಿಲ್ಲ. ನಾಲ್ವರ ಮಧ್ಯೆ ಯಾವತ್ತೂ ಒಂದು ಹೋರಾಟವೂ ನಡೆಯಲಿಲ್ಲ. ಖಚಿತ ಪುರಾವೆ ಇರುವ ಕೊಲೆಗಳೂ ಕಡಿಮೆ, ಅವೂ ಹೊಂಚು ಹಾಕಿ ಮಾಡಿದಂಥವು. ಇನ್ನು ಯಾರಿಗೆ ಎಷ್ಟು ಅಂಕ ಕೊಡುವುದು? ಮೇಷ್ಟ್ರ ಕೆಂಪು ಪೆನ್ನಿಗೆ ಇಲ್ಲಿ ಕೆಲಸವಿಲ್ಲ.

ಆದ್ದರಿಂದ ನಾನು ಕಪ್ಪುಹಲಗೆಯ ಮೇಲೆ ಬೇರೆಯೇ ಒಂದು ಪಟ್ಟಿ ಬರೆದೆ. ಕೊಂದವರದ್ದಲ್ಲ, ಸತ್ತವರದ್ದು.

ಒಂದು, ಯೊಶಿದಾ ತೋಯೋ. ತೋಸಾದ ಆಡಳಿತ ಸುಧಾರಿಸಿದವರು, ತಮ್ಮ ಪಾಠಶಾಲೆಯಲ್ಲಿ ಗೋತೋ ಶೋಜಿರೋ ಮುಂತಾದ ತರುಣರನ್ನು ಬೆಳೆಸಿದವರು. 1862ರ ಒಂದು ರಾತ್ರಿ ಯುವ ದೊರೆಗೆ ಇತಿಹಾಸದ ಪಾಠ ಮುಗಿಸಿ ಕೋಟೆಯಿಂದ ಮನೆಗೆ ನಡೆದು ಹೋಗುತ್ತಿದ್ದಾಗ ತಾಕೆಚಿಯ ಕಡೆಯ ಮೂವರು ಮಳೆಯಲ್ಲಿ ಕಡಿದರು. ಇತಿಹಾಸದ ಪಾಠ ಮುಗಿಸಿ! ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಎರಡು, ಸಾಕುಮಾ ಶೋಜಾನ್. 1811ರಲ್ಲಿ ಹುಟ್ಟಿದವರು. ಡಚ್ ಪುಸ್ತಕಗಳನ್ನು ಓದಿ ಫಿರಂಗಿ, ಗಾಜು, ವಿದ್ಯುತ್ ಯಂತ್ರಗಳನ್ನು ಮಾಡಿ ನೋಡಿದವರು. ನಡತೆ ಪೂರ್ವದ್ದಿರಲಿ, ವಿಜ್ಞಾನ ಪಶ್ಚಿಮದ್ದಿರಲಿ ಎಂಬುದು ಅವರ ಪಾಠದ ತಿರುಳು. ಕಾತ್ಸು ಕಾಯ್ಶೂ, ಯೊಶಿದಾ ಶೋಯಿನ್, ಸಾಕಾಮೋತೋ ರ್ಯೋಮಾ ಇವರೆಲ್ಲ ಅವರಲ್ಲಿ ಕಲಿತವರು. ಶಿಷ್ಯ ಶೋಯಿನ್ 1854ರಲ್ಲಿ ಕದ್ದು ಅಮೆರಿಕದ ಹಡಗು ಹತ್ತಲು ಹೋಗಿ ಸಿಕ್ಕಿಬಿದ್ದಾಗ, ಗುರುವಿಗೂ ವರ್ಷಗಟ್ಟಲೆ ಗೃಹಬಂಧನವಾಯಿತು.

ಮೂರು, ಅಕಾಮಾತ್ಸು ಕೊಸಾಬುರೋ. 1831ರಲ್ಲಿ ಉಯೆದಾ ಸಂಸ್ಥಾನದಲ್ಲಿ ಹುಟ್ಟಿದವರು. ಬ್ರಿಟಿಷ್ ಕಾಲಾಳುಗಳ ಕವಾಯತಿನ ಪುಸ್ತಕವನ್ನು ಜಪಾನಿಗೆ ಅನುವಾದಿಸಿದವರು. 1867ರಲ್ಲಿ, ದೇಶಕ್ಕೆ ಎರಡು ಸದನಗಳ ಸಂಸತ್ತು ಬೇಕು ಎಂದು ಬರೆದುಕೊಟ್ಟವರು. ಅವರು ಕ್ಯೋಟೋದಲ್ಲಿ ಪಾಠ ಹೇಳುತ್ತಿದ್ದುದು ಸತ್ಸುಮಾದವರಿಗೆ. ಕೊಂದವನೂ ಸತ್ಸುಮಾದವನೇ. ಊರಿಗೆ ಹೊರಟಿದ್ದ ಮೇಷ್ಟ್ರು ನಮ್ಮ ಸೇನೆಯ ಗುಟ್ಟು ಹೊರಗೆ ಹೇಳಿಯಾರು ಎಂಬ ಭಯ. ಕಲಿಸಿದ್ದೇ ತಪ್ಪಾಯಿತು.

ನಾಲ್ಕು, ಯೊಕೋಯ್ ಶೋನಾನ್. ಗೆನ್ಸಾಯ್ ಊರಾದ ಕುಮಾಮೋತೋದ ಗುರು. ಹೊಸ ಸರಕಾರ ಅವರನ್ನು ಕರೆಸಿ ಸಲಹೆಗಾರರನ್ನಾಗಿ ಮಾಡಿತ್ತು. 1869ರಲ್ಲಿ ಕ್ಯೋಟೋದಲ್ಲಿ ಪಲ್ಲಕ್ಕಿ ತಡೆದು ಕೊಂದರು. ದೇಶಕ್ಕೆ ಕ್ರೈಸ್ತ ಧರ್ಮ ತರುತ್ತಾರೆ ಎಂಬ ಗುಮಾನಿ ಕಾರಣ.

ನೋಡಿದಿರಾ? ನಾಲ್ವರೂ ಮೇಷ್ಟ್ರುಗಳು. ನಾಲ್ವರಲ್ಲಿ ಯಾರೂ ಪರದೇಶಿಯರಿಗೆ ದೇಶ ಮಾರಿದವರಲ್ಲ. ಪರದೇಶಿಯರನ್ನು ಎದುರಿಸಬೇಕಾದರೆ ಮೊದಲು ಅವರ ವಿದ್ಯೆ ಕಲಿಯಬೇಕು ಎಂದವರು. ಕೊನೆಗೆ ಜಪಾನು ಹಿಡಿದದ್ದು ಅವರ ದಾರಿಯನ್ನೇ. 1890ರಲ್ಲಿ ಅಲ್ಲಿ ಎರಡು ಸದನಗಳ ಸಂಸತ್ತು ಸೇರಿತು, ಅಕಾಮಾತ್ಸು ಸತ್ತ ಇಪ್ಪತ್ತಮೂರು ವರ್ಷಗಳ ನಂತರ.

ಆದರೆ ಮೇಷ್ಟ್ರುಗಳೆಲ್ಲ ಸಾಧುಗಳು, ಕತ್ತಿ ಹಿಡಿದವರೆಲ್ಲ ರಾಕ್ಷಸರು ಎಂದು ನಾನು ಮಕ್ಕಳಿಗೆ ಹೇಳಲಿಲ್ಲ, ಹೇಳಿದರೆ ಸುಳ್ಳಾಗುತ್ತದೆ. ಶೋಜಾನ್ ಅವರ ಶಿಷ್ಯ ಯೊಶಿದಾ ಶೋಯಿನ್ ಸಹ ದೊಡ್ಡ ಗುರು. ಅವರ ಪುಟ್ಟ ಪಾಠಶಾಲೆಯಿಂದ ಜಪಾನಿನ ಮೊದಲ ಪ್ರಧಾನಿ ಇತೋ ಹಿರೋಬುಮಿಯೇ ಬಂದದ್ದು. ಆ ಶೋಯಿನ್ ಶೋಗನ್‌ನ ಮಂತ್ರಿಯೊಬ್ಬನನ್ನು ಕೊಲ್ಲುವ ಯೋಜನೆ ಹಾಕಿದ್ದರು, ಅದನ್ನು ತಾವೇ ಒಪ್ಪಿಕೊಂಡು 1859ರಲ್ಲಿ ತಲೆ ಕೊಟ್ಟರು. ಅಂದರೆ ಕತ್ತಿ ಎಲ್ಲಿಂದ ಹೊರಡುತ್ತದೆ ಎಂದು ಹುಡುಕುತ್ತ ಹೋದರೆ ಕೆಲವೊಮ್ಮೆ ತರಗತಿಯ ಬಾಗಿಲಿಗೇ ಬಂದು ನಿಲ್ಲಬೇಕಾಗುತ್ತದೆ. ಪಾಠ ಹೇಳುವ ನಮಗೆ ಇದು ಸ್ವಲ್ಪ ಚುಚ್ಚುವ ಮಾತು. ಚುಚ್ಚಲಿ.

ಮಾಂಗಾ ಬರೆದವರಿಗೆ ಈ ಇತಿಹಾಸ ಚೆನ್ನಾಗಿ ಗೊತ್ತಿತ್ತು. 1878ರ ಮೇ 14ರಂದು ಹೊಸ ಸರಕಾರದ ದೊಡ್ಡ ನಾಯಕ ಓಕುಬೋ ತೊಶಿಮಿಚಿಯನ್ನು ಟೋಕಿಯೋದಲ್ಲಿ ಸಾರೋಟು ತಡೆದು ನಿಜವಾಗಿಯೇ ಕೊಂದರು. ಕೊಂದವರು ಆರು ಮಂದಿ ಅತೃಪ್ತ ಸಮುರಾಯ್‌ಗಳು. ಮಾಂಗಾದಲ್ಲಿ ಅದನ್ನು ನಗುಮುಖದ ಹುಡುಗ ಸೋಜಿರೋನ ಕೈಯಲ್ಲಿ ಮಾಡಿಸಿದ್ದಾರೆ. ಹುಡುಗರ ಪಟ್ಟಿಯಲ್ಲಿ ಸೋಜಿರೋಗೆ ವೇಗದಲ್ಲಿ ಹತ್ತಕ್ಕೆ ಹತ್ತು. ಇತಿಹಾಸದಲ್ಲಿ ಆ ಜಾಗದಲ್ಲಿ ವೇಗವಿಲ್ಲ, ಒಬ್ಬನ ಮೇಲೆ ಬಿದ್ದ ಆರು ಜನ ಮಾತ್ರ.

ಇನ್ನೊಬ್ಬನ ಕಥೆ ಹೇಳಿ ಮುಗಿಸುತ್ತೇನೆ. ಮಾಂಗಾದಲ್ಲಿ ಬರುವ ಸಾಯ್ತೋ ಹಾಜಿಮೆ ನಿಜವಾಗಿ ಇದ್ದವನು. 1844ರಲ್ಲಿ ಹುಟ್ಟಿದವನು. ಹಿತೋಕಿರಿಗಳನ್ನು ಹಿಡಿಯಲೆಂದೇ ಕ್ಯೋಟೋದ ಬೀದಿ ಕಾಯುತ್ತಿದ್ದ ಶಿನ್ಸೆನ್‌ಗುಮಿ ಪಡೆಯ ನಾಯಕರಲ್ಲಿ ಒಬ್ಬ. ಸೋತ ಪಕ್ಷದವನು. ಆಮೇಲೆ ಫುಜಿತಾ ಗೋರೋ ಎಂಬ ಹೆಸರಿನಲ್ಲಿ ಟೋಕಿಯೋ ಪೊಲೀಸ್ ಸೇರಿದ. 1877ರ ದಂಗೆಯಲ್ಲಿ ಹಾಂಜಿರೋ ಇದ್ದ ಸೈನ್ಯದ ವಿರುದ್ಧವೇ ಹೋರಾಡಿದ. ಪೊಲೀಸ್ ಕೆಲಸ ಬಿಟ್ಟ ಮೇಲೆ ಏನು ಮಾಡಿದ ಗೊತ್ತೇ? ಶಿಕ್ಷಕರ ತರಬೇತಿ ಶಾಲೆಗೆ ಸೇರಿದ ವಸ್ತುಸಂಗ್ರಹಾಲಯದ ಕಾವಲುಗಾರನಾದ. ನಂತರ ಟೋಕಿಯೋದ ಮಹಿಳಾ ಶಿಕ್ಷಕಿಯರ ತರಬೇತಿ ಶಾಲೆಯ ಆಫೀಸಿನಲ್ಲಿ ಕುಳಿತು ಲೆಕ್ಕಪತ್ರ ನೋಡಿಕೊಂಡ. 1915ರಲ್ಲಿ, ಎಪ್ಪತ್ತು ದಾಟಿದ ಮೇಲೆ ತೀರಿಕೊಂಡ. ಬೀದಿಬೀದಿಯಲ್ಲಿ ಕತ್ತಿ ಝಳಪಿಸಿದ ಕೈ ಕೊನೆಗೆ ಶಾಲೆಯ ಲೆಕ್ಕದ ಪುಸ್ತಕ ಬರೆಯಿತು.

ಇದನ್ನು ಕೇಳಿ ತರಗತಿಯಲ್ಲಿ ನಗು. "ನಮ್ಮ ಆಫೀಸಿನ ಗುಮಾಸ್ತರ ಹಾಗೆ ಸರ್?" ಎಂದ ಒಬ್ಬ. ಹೌದು, ಹಾಗೆಯೇ. ನಾಲ್ಕು ಮಹಾ ಹಿತೋಕಿರಿಗಳಲ್ಲಿ ಒಬ್ಬನಿಗೂ ಸಿಗದ ಮುಪ್ಪು ಆ ಗುಮಾಸ್ತನಿಗೆ ಸಿಕ್ಕಿತು.

ಸಂಜೆ ಪುಸ್ತಕ ಹಿಂದಿರುಗಿಸುವಾಗ ಪಟ್ಟಿಯ ಕೆಳಗೆ ನಾನು ಒಂದು ಸಾಲು ಬರೆದೆ: 'ಒಂದನೇ ಸ್ಥಾನದಲ್ಲಿ ಗುರುವನ್ನೇ ಇಟ್ಟಿದ್ದೀಯಲ್ಲ, ಅದಕ್ಕೆ ಪೂರ್ತಿ ಅಂಕ.' ಎರಡು ದಿನದ ನಂತರ ಅವನು ಮತ್ತೆ ಬಂದ. ಕೊನೆಯ ಪುಟದಲ್ಲಿ ಇನ್ನೊಂದು ಹೊಸ ಪಟ್ಟಿ, ಗೆರೆ ಎಳೆದದ್ದು. ಯೊಶಿದಾ ತೋಯೋ, ಸಾಕುಮಾ ಶೋಜಾನ್, ಅಕಾಮಾತ್ಸು ಕೊಸಾಬುರೋ, ಯೊಕೋಯ್ ಶೋನಾನ್. ಎದುರಿಗೆ 'ಏನು ಕಲಿಸುತ್ತಿದ್ದರು' ಎಂಬ ಕಾಲಂ. ಅದರಲ್ಲಿ ಯೊಕೋಯ್ ಶೋನಾನ್ ಎದುರು ಖಾಲಿ ಜಾಗ.

"ನೀವು ಹೇಳಲೇ ಇಲ್ಲ ಸರ್" ಎಂದ.

ಹೌದು, ಹೇಳಿರಲಿಲ್ಲ. ನಾಳೆ ಹೇಳಬೇಕು.